ಆ್ಯಪ್‌ನಲ್ಲಿ ಮಾತ್ರೆ ತರಿಸ್ತೀರಾ? ರೇಟಿಗಿಂತ ಮೊದಲು ಬಿಲ್ ನೋಡಿ

ಬೆಂಗಳೂರಿನಲ್ಲಿರುವ ಮಗನೋ ಮಗಳೋ ಅಲ್ಲಿಂದಲೇ ಹಣ ಕಟ್ಟಿ, ಊರಿನ ವಿಳಾಸ ಕೊಟ್ಟು ಅಪ್ಪ-ಅಮ್ಮನಿಗೆ ಬಿಪಿ, ಶುಗರ್ ಮಾತ್ರೆ ಕಳಿಸೋದು ಈಗ ಹಳ್ಳಿಗಳಲ್ಲೂ ಮಾಮೂಲಿ. ರಿಯಾಯಿತಿ ಸಿಗುತ್ತೆ, ಪೇಟೆಗೆ ಬಸ್ಸು ಹತ್ತುವ ಕೆಲಸ ತಪ್ಪುತ್ತೆ. ತಪ್ಪೇನಿಲ್ಲ. ಆದರೆ ಡಬ್ಬಿ ಕೈಗೆ ಬಂದಾಗ ಬಹಳ ಜನ ನೋಡೋದು ಎಷ್ಟು ಉಳಿಯಿತು ಅಂತ ಮಾತ್ರ. ಇದನ್ನು ಮಾರಿದವರು ಯಾರು ಅನ್ನೋದನ್ನು ಯಾರೂ ನೋಡಲ್ಲ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಪ್ರಕಾರ ಔಷಧ ಮಾರೋಕೆ ಲೈಸೆನ್ಸ್ ಇರಲೇಬೇಕು. ಆನ್‌ಲೈನ್ ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಹೊರಡಿಸಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಕೊಟ್ಟಿತು. ಕರಡು ಮಾತ್ರ ವರ್ಷಗಟ್ಟಲೆ ಅಂತಿಮವಾಗದೆ ಉಳಿಯಿತು. ಹಾಗಾಗಿ ನಡೆಯುತ್ತಿರೋದು ಹೀಗೆ: ಆರ್ಡರ್ ತಗೊಳ್ಳೋದು ಆ್ಯಪ್, ಬಿಲ್ ಮಾಡಿ ಮಾತ್ರೆ ಕೊಡೋದು ಎಲ್ಲೋ ಇರುವ ಲೈಸೆನ್ಸ್ ಪಡೆದ ಒಂದು ಮೆಡಿಕಲ್ ಸ್ಟೋರ್. ಆ ಸ್ಟೋರಿನ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಮಾತ್ರೆಯ ಬ್ಯಾಚ್ ನಂಬರು, ಎಕ್ಸ್‌ಪೈರಿ ಬಿಲ್ಲಿನಲ್ಲಿ ಇರಬೇಕು. ಬಿಲ್ಲಿನ ಬ್ಯಾಚ್ ನಂಬರಿಗೂ ಸ್ಟ್ರಿಪ್ಪಿನ ಮೇಲಿನ ನಂಬರಿಗೂ ತಾಳೆ ಆಗಬೇಕು. ಆಗದಿದ್ದರೆ ಸ್ಟ್ರಿಪ್ ಹರಿಯಬೇಡಿ. ಬಿಲ್ಲೇ ಇಲ್ಲದ ಪಾರ್ಸೆಲ್ ಆದರೆ ವಾಪಸ್ ಕಳಿಸಿ, ಅಷ್ಟೇ.

ಹೆಚ್ಚು ಎಡವಟ್ಟು ಆಗೋದು ಹೆಸರಿನಲ್ಲಿ. ಆರ್ಡರ್ ಮಾಡುವ ಮಗಳು ಬೆಂಗಳೂರಲ್ಲಿ, ನುಂಗುವ ಅಮ್ಮ ಇಲ್ಲಿ. ಅಮ್ಮನಿಗೆ ಗೊತ್ತಿರೋದು ಸ್ಟ್ರಿಪ್ಪಿನ ಬಣ್ಣ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ 40ರಲ್ಲೂ ಇದೆ, 80ರಲ್ಲೂ ಇದೆ. ಬ್ರ್ಯಾಂಡ್ ಹೆಸರಿನ ಪಕ್ಕ ‘ಎಚ್’ ಇದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ ಅಂತ, ‘ಎಎಂ’ ಇದ್ದರೆ ಬಿಪಿಯ ಇನ್ನೊಂದು ಔಷಧ ಆಮ್ಲೋಡಿಪಿನ್ ಸೇರಿದೆ ಅಂತ. ಶುಗರಿನ ಮೆಟ್‌ಫಾರ್ಮಿನ್‌ನಲ್ಲೂ ಮಾಮೂಲಿಯದು ಬೇರೆ, ನಿಧಾನವಾಗಿ ಕರಗುವ ‘ಎಸ್‌ಆರ್’ ಬೇರೆ. ಸ್ಟಾಕ್ ಇಲ್ಲ ಅಂತ ಆ್ಯಪ್ ತೋರಿಸುವ ಬದಲಿ ಬ್ರ್ಯಾಂಡನ್ನು ಹಾಗೇ ಒತ್ತಿಬಿಡಬೇಡಿ. ಒಳಗಿನ ಔಷಧದ ಹೆಸರು, ಎಷ್ಟು ಎಂಜಿ ಅನ್ನೋದು ಎರಡೂ ಚೀಟಿಯ ಜೊತೆ ಹೊಂದಲಿ. ಅಮ್ಮನ ಕೈಯಲ್ಲಿ ಹಳೆ ಸ್ಟ್ರಿಪ್ಪಿನ ಫೋಟೋ ತರಿಸಿಕೊಂಡು ಆರ್ಡರ್ ಹಾಕೋದು ಒಳ್ಳೇದು. ಖಾಲಿ ಸ್ಟ್ರಿಪ್ ಎಸೆಯದಂತೆ ಮನೆಯವರಿಗೂ ಹೇಳಿಡಿ.

ಸ್ಟ್ರಿಪ್ಪಿನ ಎಡಕ್ಕೆ ಉದ್ದದ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಅಂಥದ್ದನ್ನು ಚೀಟಿ ಕೇಳದೆ ಕಳಿಸ್ತೀವಿ ಅನ್ನುವ ಸೈಟು, ವಾಟ್ಸ್‌ಆ್ಯಪ್ ನಂಬರು ಏನೇ ಅಗ್ಗ ಕೊಟ್ಟರೂ ಬೇಡ. ನಿದ್ದೆ ಮಾತ್ರೆ, ಗರ್ಭಪಾತದ ಕಿಟ್, ಜಿಮ್ ಹುಡುಗರು ಹುಡುಕುವ ಇಂಜೆಕ್ಷನ್‌ಗಳ ವಿಷಯದಲ್ಲಂತೂ ಇನ್ನೂ ಹುಷಾರು. ನಿದ್ದೆ ಮಾತ್ರೆಯಂಥ ಅಮಲು ವರ್ಗದ ಔಷಧಗಳನ್ನು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನಿನಲ್ಲಿ ನೋಡಿದ ವೈದ್ಯರೂ ಬರೆದುಕೊಡುವಂತಿಲ್ಲ. ‘ಶುಗರ್ ಬುಡಸಮೇತ ವಾಸಿ’ ಅನ್ನುವ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಫೇಸ್‌ಬುಕ್‌ನಲ್ಲಿ ದಿನಾ ಬರ್ತಾನೇ ಇರುತ್ತೆ!

ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರ ನಂತರ ತಯಾರಾದ ಮಾಲಿನಲ್ಲಿ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಕಂಪನಿ, ಬ್ಯಾಚ್, ಎಕ್ಸ್‌ಪೈರಿ ಬರುತ್ತೆ. ಉಳಿದ ಮಾತ್ರೆಗಳಲ್ಲಿ ಕೋಡ್ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಂತ ಗಾಬರಿ ಬೇಡ.

ಅಂಗಡಿಯವರಿಗೆ ಒಂದು ಮಾತು. ಹಳ್ಳಿಗೆ ಹೋಗೋಕಾಗದೆ ಕೊರಿಯರ್ ಹುಡುಗ ಪಾರ್ಸೆಲ್ಲನ್ನು ಕಿರಾಣಿ ಅಂಗಡಿಯಲ್ಲಿ, ಬೇಕರಿಯಲ್ಲಿ ಬಿಟ್ಟು ಹೋಗ್ತಾನೆ. ಬಳಸದೆ ಇಟ್ಟ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ಮಧ್ಯಾಹ್ನವೆಲ್ಲ ಬಿದ್ದರೆ ಅದರ ಶಕ್ತಿ ಕುಂದುತ್ತೆ. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ್ದಂತೂ ಬಳಸಲೇಬಾರದು. ಔಷಧದ ಪಾರ್ಸೆಲ್ ಅಂತ ಗೊತ್ತಾದರೆ ಗಿರಾಕಿಗೆ ತಕ್ಷಣ ಫೋನ್ ಮಾಡಿಬಿಡಿ. ನಮ್ಮನ್ನು ಕೇಳಿದರೆ ಇನ್ಸುಲಿನ್ ಆನ್‌ಲೈನ್ ತರಿಸೋದೇ ಬೇಡ. ಫ್ರಿಜ್ ಇರುವ ಪೇಟೆಯ ಮೆಡಿಕಲ್‌ನಲ್ಲೇ ತಗೊಳ್ಳಿ. ಬೆಲೆಯೇ ಚಿಂತೆ ಆದರೆ ಜನೌಷಧಿ ಕೇಂದ್ರದಲ್ಲಿ ಎಷ್ಟೋ ಮಾತ್ರೆ ಬ್ರ್ಯಾಂಡಿನ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತೆ. ಹತ್ತಿರದ ಕೇಂದ್ರ ಎಲ್ಲಿದೆ ಅಂತ ‘ಜನೌಷಧಿ ಸುಗಮ್’ ಆ್ಯಪ್ ತೋರಿಸುತ್ತೆ.

ಹಣ ಹೋಯಿತು, ಮಾತ್ರೆ ಬರಲಿಲ್ಲ ಅಂದರೆ ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಬೇಡಿ. ರೀಫಂಡ್ ಬರೋಕೆ ಯುಪಿಐ ಪಿನ್ ಬೇಕಾಗಲ್ಲ, ಕೇಳಿದರೆ ಕಳ್ಳರೇ. ಮೋಸ ಆಗಿದ್ದರೆ ತಡಮಾಡದೆ 1930ಕ್ಕೆ, ಸೇವೆಯ ದೂರಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾತ್ರೆಯ ಮೇಲೇ ಅನುಮಾನ ಇದ್ದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆದುಕೊಡಿ. ಆಗ ಸ್ಟ್ರಿಪ್, ಡಬ್ಬಿ, ಬಿಲ್ ಮೂರೂ ಕೈಯಲ್ಲಿರಲಿ.

ಇನ್ನೊಂದು: ಡಬ್ಬಿ ತಡವಾಯ್ತು ಅಂತ ಬಿಪಿ ಮಾತ್ರೆ ನಾಲ್ಕು ದಿನ ಬಿಡೋರಿದ್ದಾರೆ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಆರ್ಡರ್ ಹಾಕಿ. ಅಷ್ಟರಲ್ಲಿ ಬರಲಿಲ್ಲ ಅಂದರೆ ಚೀಟಿ ಹಿಡಿದು ಪೇಟೆಯ ಮೆಡಿಕಲ್‌ಗೆ ಹೋಗಿ ಒಂದು ಸ್ಟ್ರಿಪ್ ತಗೊಂಡುಬಿಡಿ.