ಕೂಸು ಹೊತ್ತ ಸೊಂಟವೂ ಕೂಸಿನ ಬಂಡಿಯೂ

ಮೊನ್ನೆ ಮಾಸ್ತಿಕಟ್ಟೆಯ ನಮ್ಮ ಮನೆಗೆ ಬೆಂಗಳೂರಿನಿಂದ ಮಗಳು ಬಂದಿದ್ದಳು. ಆಕೆಯ ಮೊದಲ ಮಗುವಿಗೆ ಮೂರು ವರ್ಷ; ಎರಡನೆಯದಕ್ಕೆ ಆರು ತಿಂಗಳು ತುಂಬುತ್ತ ಬಂದಿದೆ. "ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದೇನೆ ಅಪ್ಪಾ, ಎಂಥದು ಒಳ್ಳೆಯದು?" ಎಂದು ಕೇಳಿದಳು. ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ತಲೆ ನೆರೆಸಿಕೊಂಡವನನ್ನು ಕೇಳತಕ್ಕ ಪ್ರಶ್ನೆಯೇ ಇದು! ಆದರೆ ಮೇಷ್ಟರ ಚಾಳಿ ಬಿಡುವುದುಂಟೆ? ಉತ್ತರ ಹೇಳುವ ಮೊದಲು ವಸ್ತುವಿನ ಪೂರ್ವವೃತ್ತಾಂತವನ್ನು ವಿಚಾರಿಸಹೊರಟೆ. ಈ ಪುಟ್ಟ ಬಂಡಿಯ ಚರಿತ್ರೆಯು ರಸ್ತೆಯ ಚರಿತ್ರೆಯೂ ಹೌದು. ಅದಕ್ಕಿಂತ ಮಿಗಿಲಾಗಿ, ಮಕ್ಕಳನ್ನು ಹೊತ್ತವರು ಯಾರು ಎಂಬುದರ ಚರಿತ್ರೆಯೂ ಹೌದು ಎಂದು ಕಂಡುಬಂತು.

ನಮ್ಮ ದೇಶದಲ್ಲಿ ಗಾಲಿಗೆ ಬಡತನವಿರಲಿಲ್ಲ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊಗಳ ನೆಲದಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ಸಿಕ್ಕಿವೆ. ಶೂದ್ರಕನ ನಾಟಕಕ್ಕೆ 'ಮೃಚ್ಛಕಟಿಕ'ವೆಂಬ ಹೆಸರು ಬಂದದ್ದೇ ಚಾರುದತ್ತನ ಮಗ ರೋಹಸೇನನ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು ಅಳುತ್ತಿದ್ದ ಬಾಲಕನಿಗೆ ವಸಂತಸೇನೆ ತನ್ನ ಒಡವೆಗಳನ್ನೇ ಬಿಚ್ಚಿಕೊಡುತ್ತಾಳೆ. ಭಾಗವತದಲ್ಲಿ ಯಶೋದೆ ಕೂಸನ್ನು ಮಲಗಿಸಿದ್ದು ಬಂಡಿಯ ಕೆಳಗಿನ ನೆರಳಿನಲ್ಲಿ. ಆ ಕೂಸು ಕಾಲಿನಿಂದೊದ್ದು ಶಕಟವನ್ನು ಮುರಿದ ಕಥೆ ಎಲ್ಲರಿಗೂ ತಿಳಿದದ್ದೇ. ಆಟಕ್ಕೆ ಬಂಡಿಯಿತ್ತು, ನೆರಳಿಗೆ ಬಂಡಿಯಿತ್ತು. ಆದರೆ ಕೂಸನ್ನು ಕೂರಿಸಿಕೊಂಡು ಹೋಗುವುದಕ್ಕೆಂದೇ ಮಾಡಿದ ಬಂಡಿ ನಮ್ಮಲ್ಲಿ ರೂಢಿಗೆ ಬರಲಿಲ್ಲ.

ಕೂಸು ಮಲಗುವುದಕ್ಕೆ ಮಾತ್ರ ನಮ್ಮವರು ಕೊರತೆ ಮಾಡಲಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರಾದದ್ದು. ಅರಗಿನ ಬಣ್ಣದಲ್ಲಿ ಅದರ ಮೇಲೆ ರಾಮಾಯಣ ಭಾರತಗಳ ಚಿತ್ರಗಳನ್ನು ಬರೆಯುತ್ತಾರೆ. ಇಲ್ಲದವರ ಮನೆಯಲ್ಲಿ ಅಮ್ಮನ ಹಳೆಯ ಸೀರೆಯೇ ಜೋಲಿ. ಆದರೆ ತೊಟ್ಟಿಲು ತೂಗುತ್ತದೆ, ನಡೆಯುವುದಿಲ್ಲ. ಹೊಸಿಲು ದಾಟಿದರೆ ಕೂಸಿಗೆ ಸೊಂಟವೇ ಗತಿ.

ನಮ್ಮ ಸೀಮೆಯಲ್ಲಿ ಹಾಗಲ್ಲದೆ ಇನ್ನು ಹೇಗೆ ಸಾಧ್ಯವಿತ್ತು? ಹುಲಿಕಲ್ಲು ಘಾಟಿಯ ತಲೆಯ ಮೇಲೆ ಕುಳಿತ ಈ ಊರಿನಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 5000 ಮಿಲಿಮೀಟರನ್ನು ಮೀರುತ್ತದೆ. ಮನೆಯಿಂದ ಮನೆಗೆ ಕಾಲುದಾರಿ. ಹಳ್ಳಕ್ಕೆ ಅಡ್ಡಲಾಗಿ ಮರದ ಸಂಕ. ಗಂಡಸರ ತಲೆಗೆ ಕಂಬಳಿಕೊಪ್ಪೆ, ನೆಟ್ಟಿ ಮಾಡುವ ಹೆಂಗಸರ ಬೆನ್ನಿಗೆ ಗೊರಬು. ಅಂಥ ಹಾದಿಯಲ್ಲಿ ಗಾಲಿ ಹೂತುಹೋದೀತೇ ಹೊರತು ಉರುಳಲಾರದು.

ಇನ್ನು ಕೂಸಿನ ಬಂಡಿ ಹುಟ್ಟಿದ ಕಡೆಗೆ ಹೋಗೋಣ. ಇಂಗ್ಲೆಂಡಿನ ಡೆವನ್‌ಷೈರ್ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟನೆಂಬ ಶಿಲ್ಪಿ 1733ರಲ್ಲಿ ಚಿಪ್ಪಿನಾಕಾರದ ಒಂದು ಗಾಡಿಯನ್ನು ರಚಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಅದು ತಳ್ಳುವ ಗಾಡಿಯಲ್ಲ. ಆಡನ್ನೋ ಸಣ್ಣ ಕುದುರೆಯನ್ನೋ ಕಟ್ಟಿ ಎಳೆಸುವ ವಿಲಾಸದ ರಥ. ಹಿಂದಿನಿಂದ ತಳ್ಳುವ ಗಾಡಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ಎಳೆಯುವವನಿಗೆ ಮಗು ಬೆನ್ನ ಹಿಂದೆ. ತಳ್ಳುವವಳಿಗೆ ಮಗು ಕಣ್ಣ ಮುಂದೆ. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬಾತ ಮಗು ಬೇಕಾದಾಗ ತಾಯಿಯ ಕಡೆಗೆ, ಬೇಕಾದಾಗ ಬೀದಿಯ ಕಡೆಗೆ ಮುಖಮಾಡಿ ಇರುವಂತೆ ತಿರುಗಿಸಬಹುದಾದ ಗಾಡಿಗೆ ಹಕ್ಕುಪತ್ರ ಪಡೆದನು. ಅದಕ್ಕೆ ಒಂದು ವರ್ಷ ಮುಂಚೆ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ರಬ್ಬರಿನ ಟೈರಿಗೆ ಹಕ್ಕುಪತ್ರ ಪಡೆದಿದ್ದನು. ಯಾರಿಗಾಗಿ ಮಾಡಿದ್ದೆಂದು ಬಲ್ಲಿರಾ? ಕಲ್ಲುಹಾಸಿನ ಬೀದಿಯಲ್ಲಿ ಕುಲುಕಾಡುತ್ತಿದ್ದ ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ. ಇಂದು ಬಸ್ಸುಗಳನ್ನು ಹೊತ್ತಿರುವ ಟೈರು ಮೊದಲು ಹೊತ್ತದ್ದು ಒಂದು ಮಗುವನ್ನು.

ಇಷ್ಟಾದರೂ ಆ ಕಾಲದ ಗಾಡಿಗಳು ಭಾರವಾದವು. ಆಳುಕಾಳಿದ್ದವರಿಗೆ ಮಾತ್ರ ಒಪ್ಪುವಂಥವು. ಅವನ್ನು ಸಾಮಾನ್ಯ ತಾಯಿಯ ಕೈಗೆ ಹಗುರ ಮಾಡಿದವನು ಓವೆನ್ ಮೆಕ್ಲಾರೆನ್. ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನದ ಇಳಿಗಾಲಿಗಳ ರಚನೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರು ಆತ. ಮೊಮ್ಮಗುವಿನೊಡನೆ ಬಂದ ಮಗಳು ಭಾರದ ಗಾಡಿಯನ್ನಿಟ್ಟುಕೊಂಡು ಪ್ರಯಾಣದಲ್ಲಿ ಪಡುತ್ತಿದ್ದ ಪಾಡನ್ನು ಕಂಡನು. ವಿಮಾನದ ಗಾಲಿ ಮಡಚಿಕೊಳ್ಳುವುದಾದರೆ ಕೂಸಿನ ಗಾಡಿ ಏಕೆ ಮಡಚಬಾರದು? ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯಂತೆ ಮಡಚುವ, ಆರು ಪೌಂಡು, ಎಂದರೆ 2.7 ಕಿಲೋಗ್ರಾಂ ತೂಕದ ಗಾಡಿಯನ್ನು 1965ರಲ್ಲಿ ರಚಿಸಿದನು. 1967ರಿಂದ ಅದು ಮಾರುಕಟ್ಟೆಗೆ ಬಂತು. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಕಾಣುವ ಮಡಚುಗಾಡಿಗಳಿಗೆಲ್ಲ ಅದೇ ಮೂಲಪುರುಷ.

ಮೋಜಿನ ಸಂಗತಿಯೆಂದರೆ, ಅದೇ ದಶಕದಲ್ಲಿ ಆಫ್ರಿಕದ ಟೋಗೋ ದೇಶಕ್ಕೆ ಸೇವೆಗೆ ಹೋಗಿದ್ದ ಆನ್ ಮೂರ್ ಎಂಬ ಅಮೆರಿಕದ ದಾದಿ, ಅಲ್ಲಿನ ತಾಯಂದಿರು ಕೂಸುಗಳನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡದ್ದನ್ನು ನೋಡಿ ಮೆಚ್ಚಿ, ಅಂಥದೇ ಒಂದು ಚೀಲವನ್ನು ಮಾಡಿಸಿ 1969ರಲ್ಲಿ ಹಕ್ಕುಪತ್ರ ಪಡೆದಳು. ಪಶ್ಚಿಮದವರು ಜೋಲಿಯನ್ನು ಕಲಿತರು; ನಾವು ಗಾಡಿಯನ್ನು ಕಲಿತೆವು.

ಮಾಸ್ತಿಕಟ್ಟೆಗೆ ಗಾಲಿ ಉರುಳುವ ನೆಲ ಬಂದದ್ದು ವಾರಾಹಿ ಜಲವಿದ್ಯುತ್ ಯೋಜನೆಯ ಜೊತೆಗೆ. ಮಾಣಿಯಲ್ಲಿ ಅಣೆಕಟ್ಟು, ಘಾಟಿಯ ಕೆಳಗೆ ಹೊಸಂಗಡಿಯಲ್ಲಿ ಭೂಮಿಯೊಳಗಿನ ವಿದ್ಯುದಾಗಾರ, ಇಲ್ಲಿ ಕೆಲಸಗಾರರ ವಸತಿ. 1989 ಮತ್ತು 1990ರಲ್ಲಿ ಮೊದಲ ಎರಡು ಯಂತ್ರಗಳು ಚಲಿಸಿದವು. 2009ರಲ್ಲಿ ಮತ್ತೆರಡು ಸೇರಿ ಒಟ್ಟು 460 ಮೆಗಾವಾಟಾಯಿತು. ಆ ವಸತಿಯ ಡಾಂಬರು ರಸ್ತೆಯ ಮೇಲೆಯೇ ಕೂಸಿನ ತಳ್ಳುಗಾಡಿಯನ್ನು ನಾನು ಮೊಟ್ಟಮೊದಲು ಕಂಡದ್ದು. ಪಕ್ಕದಲ್ಲಿ ನನ್ನ ಅಕ್ಕ ನಿಂತಿದ್ದಳು. "ಇದೊಂದು ಆಗಲೇ ಇದ್ದಿದ್ದರೆ ನಾನೂ ಏಳನೇ ಕ್ಲಾಸು ಮುಗಿಸುತ್ತಿದ್ದೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಾನು ಹುಟ್ಟಿದಾಗ ಆಕೆಗೆ ಎಂಟು ವರ್ಷ. ಅಮ್ಮ ಗದ್ದೆಗೆ ಹೋದರೆ ನಾನು ಅಕ್ಕನ ಸೊಂಟಕ್ಕೆ. ಮೊದಮೊದಲು ನನ್ನನ್ನು ಹೊತ್ತುಕೊಂಡೇ ಶಾಲೆಗೆ ಹೋದಳಂತೆ. ನಾನು ಅತ್ತು ಪಾಠ ಕೆಡಿಸಿದ್ದರಿಂದ ಬಾಗಿಲ ಹೊರಗೆ ನಿಂತು ಕೇಳಿದಳಂತೆ. ಮಳೆಗಾಲ ಬಂದಮೇಲೆ ಅದೂ ನಿಂತಿತು. ಮೂರನೆಯ ತರಗತಿಗೇ ಅವಳ ಓದು ಮುಗಿಯಿತು. ಆ ಸೊಂಟದ ಮೇಲೆ ಬೆಳೆದವನು ಪಂಡಿತ ಪರೀಕ್ಷೆ ಮಾಡಿಕೊಂಡು ಮೇಷ್ಟರಾದ. ನಮ್ಮೂರಿನ ಹೆಸರಿನಲ್ಲಿರುವ 'ಮಾಸ್ತಿ' ಎಂಬುದು 'ಮಹಾಸತಿ' ಶಬ್ದದ ತದ್ಭವ. ಗಂಡನೊಡನೆ ಮಡಿದ ಹೆಣ್ಣಿಗೆ ಬಳೆ ತೊಟ್ಟ ಕೈಯನ್ನು ಕಡೆದು ಮಾಸ್ತಿಕಲ್ಲು ನೆಟ್ಟರು. ತಮ್ಮಂದಿರನ್ನು ಹೊತ್ತು ಅಕ್ಷರ ಬಿಟ್ಟ ಹುಡುಗಿಯರಿಗೆ ಕಲ್ಲು ನೆಟ್ಟವರಿಲ್ಲ.

ಆದುದರಿಂದ ಅವರ ಭಾರವನ್ನಿಳಿಸಿದ್ದು ಗಾಡಿಯೊಂದೇ ಎಂದು ನಾನು ಹೇಳಲಾರೆ. 1948ರ ಕಾರ್ಖಾನೆ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕಿಳಿಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿಯ ಯೋಜನೆ ಮೊದಲಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲ ನೆಲ ತಿರುಮಕೂಡಲು ನರಸೀಪುರ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಈಚೆಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳಾಗಿವೆ. ಇವು ಗಾಲಿಯಿಲ್ಲದಿದ್ದರೂ ಕೂಸಿನ ಬಂಡಿಗಳೇ ಸರಿ.

ಇನ್ನು ಮಗಳ ಪ್ರಶ್ನೆ. ಚರಿತ್ರೆಯೇ ಉತ್ತರ ಹೇಳುತ್ತದೆ. ಮೊದಲು ಹಾದಿಯನ್ನು ನೋಡಬೇಕು: ಉಬ್ಬುತಗ್ಗಿನ ಮಣ್ಣಿಗೆ ದೊಡ್ಡ ಗಾಲಿ, ನುಣುಪಾದ ನೆಲಕ್ಕೆ ಸಣ್ಣದಾದರೂ ಸಾಕು. ಬಳಿಕ ಮಗುವನ್ನು: ಕತ್ತು ನಿಲ್ಲದ, ತಾನಾಗಿ ಕೂರಲಾರದ ಕೂಸಿಗೆ ಚಪ್ಪಟೆಯಾಗಿ ಮಲಗಿಸುವ ಗಾಡಿಯೇ ಬೇಕು, ಕೂರುವ ಮಗುವಿಗೆ ಭುಜ, ಸೊಂಟ, ತೊಡೆಸಂದುಗಳನ್ನು ಹಿಡಿಯುವ ಐದು ಪಟ್ಟಿಗಳಿರಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ಬ್ರೇಕು ಹಾಕಿ ನೋಡಬೇಕು. ಹಿಡಿಗೆ ಚೀಲ ತೂಗುಹಾಕಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಬಿಸಿಲಿಗೆಂದು ಬಟ್ಟೆ ಮುಚ್ಚಿದರೆ ಒಳಗೆ ಧಗೆಯೇರುತ್ತದೆ. ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯದಿರಬೇಕಾದರೆ ಹೊದಿಕೆ ಬಿಚ್ಚಿ ಒಗೆಯುವಂತಿರಬೇಕು. ಮಕ್ಕಳಿಬ್ಬರೆಂದು ಜೋಡಿಗಾಡಿ ಕೊಳ್ಳುವ ಮುನ್ನ ಮನೆಯ ಬಾಗಿಲನ್ನು ಅಳೆಯಬೇಕು. ಮೂರು ವರ್ಷದ ಮಗು ಬಹುಮಟ್ಟಿಗೆ ನಡೆದೇ ಬರುತ್ತದೆ, ದಣಿದಾಗ ನಿಲ್ಲುವುದಕ್ಕೆ ಗಾಡಿಯ ಹಿಂದೆ ಸಿಕ್ಕಿಸುವ ಹಲಗೆಯೊಂದು ಸಾಕಾದೀತು.

ಇಷ್ಟನ್ನೂ ಹೇಳಿ ಮುಗಿಸಿದಾಗ ಅಕ್ಕ ಜಗಲಿಯ ಮೇಲೆ ಕುಳಿತು ಅಡಕೆ ಸುಲಿಯುತ್ತಿದ್ದಳು. ತಲೆಯೆತ್ತದೆ ಒಂದು ಮಾತು ಸೇರಿಸಿದಳು: "ತಳ್ಳುವವರ ಸೊಂಟವನ್ನು ನೋಡಿ ತಗೊಳ್ಳೇ. ಹಿಡಿ ಗಿಡ್ಡವಾದರೆ ಬೆನ್ನು ಹೋಗುತ್ತದೆ." ಮಗಳು ಅದನ್ನೇ ಮೊದಲನೆಯದಾಗಿ ಬರೆದುಕೊಂಡಳು. ಮೂರು ವರ್ಷದವಳು ತಮ್ಮನನ್ನು ಎತ್ತಿಕೊಳ್ಳಲು ಹೋಗಿ ಏದುಸಿರು ಬಿಡುತ್ತಿದ್ದಳು. ಅಕ್ಕ ಎದ್ದುಹೋಗಿ ಕೂಸನ್ನು ತಾನೆತ್ತಿಕೊಂಡು, ಅವಳನ್ನು ಆಟಕ್ಕೆ ಕಳಿಸಿದಳು.