ಬೆಲ್ಟಿನ ವಯಸ್ಸು ಬರೆದಿಟ್ಟವರಿಲ್ಲ

ಒಂದು ಜನವರಿಯ ಬೆಳಿಗ್ಗೆ ಗೆಂಡೆಹಳ್ಳಿಯಿಂದ ಹೊರಟ ನಮ್ಮ ಹಳೇ ಡೀಸೆಲ್ ಗಾಡಿ ಬೇಲೂರು ಮುಟ್ಟುವ ಮೊದಲೇ ಒಂದು ಏರಿನಲ್ಲಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಅಜ್ಜಿ ಇದ್ದರು. ಹಾಸನದಲ್ಲಿ ಅವರ ಕಣ್ಣಿನ ಆಪರೇಷನ್ನಿಗೆ ಅದೇ ದಿನ ಗೊತ್ತಾಗಿತ್ತು. ಅಪ್ಪ ಕೀಲಿ ತಿರುಗಿಸಿದರು. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಭಾರವೇ ಇಲ್ಲದಂತೆ ತಿರುಗಿತು, ಇಂಜಿನ್ ಮಾತ್ರ ಏಳಲಿಲ್ಲ. ‘ಇನ್ನೊಂದ್ಸಲ ನೋಡಿ ಅಪ್ಪ’ ಎಂದವನು ನಾನೇ. ಮೂರು ಸಲ ನೋಡಿದೆವು. ಹಾಗೆ ನೋಡಬಾರದಿತ್ತು ಎಂದು ತಿಳಿದದ್ದು ಸಂಜೆ. ಕಾಫಿ ಕೊಯ್ಲಿನವರನ್ನು ತುಂಬಿಕೊಂಡು ಬಂದ ಜೀಪೊಂದು ಅಜ್ಜಿಯನ್ನು ಬೇಲೂರಿನ ಬಸ್ ಸ್ಟ್ಯಾಂಡಿಗೆ ಮುಟ್ಟಿಸಿತು. ಆಸ್ಪತ್ರೆಗೆ ಹೋದಾಗ ಹೊತ್ತು ಮೀರಿತ್ತು. ಆಪರೇಷನ್ ಮುಂದಿನ ತಿಂಗಳಿಗೆ ಹೋಯಿತು.

ಗ್ಯಾರೇಜಿನವರು ಮುಂದಿನ ಕವರ್ ಬಿಚ್ಚಿ, ತುಂಡಾದ ಹಲ್ಲಿನ ರಬ್ಬರ್ ಪಟ್ಟಿಯೊಂದನ್ನು ಎಳೆದು ತೆಗೆದು ಕೇಳಿದರು: ‘ಬೆಲ್ಟ್ ಯಾವಾಗ ಹಾಕ್ಸಿದ್ದು ಸಾರ್?’

‘ನಾನು ತಗಂಡ ಮೇಲೆ ಹಾಕ್ಸಿಲ್ಲ ಕಣಪ್ಪ. ನಂಗಿಂತ ಮುಂಚೆ ಇಬ್ರ ಕೈಲಿತ್ತು.’

‘ಅವರು ಹಾಕ್ಸಿದ್ರಾ?’

ಇದಕ್ಕೆ ಉತ್ತರವಿರಲಿಲ್ಲ. ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಯಾರು, ಯಾವಾಗ, ಯಾವ ದಾಖಲೆಯ ಆಧಾರದ ಮೇಲೆ ಎಂದು ದಿನವಿಡೀ ಕೇಳುವವನು. ನಮ್ಮ ಬೇಲೂರಿನ ದೇವಾಲಯದ ಶಾಸನ 1117ರ ಪ್ರತಿಷ್ಠೆಯನ್ನು ಹೇಳುತ್ತದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ಪುಸ್ತಕ ಮಾಡಿಟ್ಟರು. ನಮ್ಮ ಅಂಗಳದ ಗಾಡಿಯ ಹೊಟ್ಟೆಯೊಳಗಿನ ಪಟ್ಟಿಗೆ ಎಷ್ಟು ವಯಸ್ಸು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ಪಟ್ಟಿಗೆ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಅದರ ಕೆಲಸ ತಿಳಿಯಲು ಹೊಲಿಗೆ ಮೆಷಿನ್ ನೆನೆಸಿಕೊಂಡರೆ ಸಾಕು. ಮೇಲಿಂದ ಸೂಜಿ ಇಳಿಯುವ ಗಳಿಗೆಗೆ ಕೆಳಗಿನ ಬಾಬಿನ್ ಬದಿಯ ಕೊಕ್ಕೆ ಸರಿಯಾಗಿ ಬಂದು ದಾರ ಹಿಡಿಯಬೇಕು, ಒಂದಿಷ್ಟು ಹಿಂದೆ ಮುಂದಾದರೂ ಹೊಲಿಗೆ ಬೀಳದು. ಹಲ್ಲಿನ ರಬ್ಬರ್ ಬೆಲ್ಟ್ ಹುಟ್ಟಿದ್ದೂ ಇಂಥ ಮೆಷಿನ್ನಿಗಾಗಿಯೇ, 1940ರ ದಶಕದ ಅಮೆರಿಕದಲ್ಲಿ. ಇಂಜಿನ್ನಿನಲ್ಲಿ ಕೆಳಗೆ ಪಿಸ್ಟನ್ನುಗಳನ್ನು ಆಡಿಸುವ ಕ್ರ್ಯಾಂಕ್, ಮೇಲೆ ವಾಲ್ವುಗಳನ್ನು ಒತ್ತುವ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು. ಈ ಲೆಕ್ಕವನ್ನು ಕಾಯುವುದು ಬೆಲ್ಟ್.

ಬೆಲ್ಟ್ ಹರಿದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವುಗಳು ಬಾಯಿ ತೆರೆದೇ ಉಳಿಯುತ್ತವೆ. ಗಾಡಿ ಗೇರಿನಲ್ಲಿ ಓಡುತ್ತಿರುವುದರಿಂದ ಪಿಸ್ಟನ್ ಮೇಲೇರುವುದು ನಿಲ್ಲುವುದಿಲ್ಲ. ಪಿಸ್ಟನ್ನಿಗೂ ತೆರೆದ ವಾಲ್ವಿಗೂ ನಡುವೆ ಜಾಗ ಬಿಟ್ಟಿರುವ ಇಂಜಿನ್ನುಗಳೂ ಇವೆ. ಅವು ಸುಮ್ಮನೆ ನಿಲ್ಲುತ್ತವೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತವೆ. ಡೀಸೆಲ್ಲಿನಲ್ಲಿ ಆ ಭಾಗ್ಯವಿಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿಯೇ ಎಣ್ಣೆ ಹೊತ್ತಿಸಬೇಕಾದ್ದರಿಂದ ಮೇಲೆ ಉಳಿಯುವ ಸಂದು ತೀರಾ ಕಡಿಮೆ. ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ನಮ್ಮ ಗಾಡಿಯ ಎಂಟು ವಾಲ್ವುಗಳಲ್ಲಿ ಆರು ಬಾಗಿದ್ದವು. ಅವುಗಳಲ್ಲಿ ಎಷ್ಟು ನನ್ನ ‘ಇನ್ನೊಂದ್ಸಲ’ದಿಂದ ಬಾಗಿದವೋ.

ಮೊದಲು ಹೀಗಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಹಳೆಯ ಪೆಟ್ರೋಲ್ ಇಂಜಿನ್ನುಗಳಲ್ಲಿ ಕ್ಯಾಮ್ ಇದ್ದದ್ದು ಕೆಳಗೆ, ಕ್ರ್ಯಾಂಕಿನ ಪಕ್ಕದಲ್ಲೇ. ಅವೆರಡನ್ನೂ ಸೇರಿಸಲು ಚಿಕ್ಕದೊಂದು ಉಕ್ಕಿನ ಚೈನ್ ಸಾಕಾಗಿತ್ತು. ಚೈನ್ ಸವೆದಾಗ ಕಟಕಟ ಎಂದು ಗಲಾಟೆ ಮಾಡುತ್ತದೆ. ಗಲಾಟೆ ಮಾಡುವ ವಸ್ತುವಿಗೆ ಚರಿತ್ರೆಯ ಪುಸ್ತಕ ಬೇಕಿಲ್ಲ, ಕಿವಿ ಸಾಕು. ಇಂಜಿನ್ನುಗಳ ವೇಗ ಹೆಚ್ಚಿದಂತೆ ಕ್ಯಾಮ್ ಮೇಲಕ್ಕೇರಿತು, ಮಧ್ಯದ ದೂರ ಬೆಳೆಯಿತು. ಉದ್ದ ಚೈನಿಗಿಂತ ಅಗ್ಗದ, ಹಗುರ, ಸದ್ದಿಲ್ಲದ ರಬ್ಬರ್ ಆಗ ಒಳ್ಳೆಯದೆನಿಸಿತು. 1962ರಲ್ಲಿ ಬವೇರಿಯಾದ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಕಾರಿನಲ್ಲಿ ಇದನ್ನು ತಂದಿತು. ಮೂಲತಃ ಅವರು ಕೃಷಿ ಯಂತ್ರ ಮಾಡುತ್ತಿದ್ದವರು. ನಾಲ್ಕೇ ವರ್ಷಕ್ಕೆ, 1966ರಲ್ಲಿ, ಆ ಕಂಪನಿಯನ್ನು ಬಿಎಂಡಬ್ಲ್ಯೂ ಕೊಂಡಿತು. ಬೆಲ್ಟ್ ಮಾತ್ರ ಲೋಕವೆಲ್ಲ ಸುತ್ತಿತು.

ನಮ್ಮ ದೇಶದ ಸಾಮಾನ್ಯ ಮನೆಗಳಿಗೆ ಅದನ್ನು ತಂದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಕರ್ನಾಟಕದ ಮಟ್ಟಿಗೆ ಇನ್ನೊಂದು ಹೆಸರು ಹೇಳಲೇಬೇಕು: 2000ದಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಟ ಕ್ವಾಲಿಸ್. ಬೆಂಗಳೂರಿನ ಕಾಲ್‌ಸೆಂಟರ್‌ಗಳ ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಹೊತ್ತ ಗಾಡಿ ಅದು. 2005ರಲ್ಲಿ ಇನ್ನೋವಾ ಅದರ ಜಾಗಕ್ಕೆ ಬಂತು. ಅಂಥ ಗಾಡಿಗಳು ಪಟ್ಟಣದಲ್ಲಿ ದುಡಿದು ಕೈ ಬದಲಾಗಿ ನಮ್ಮಂಥ ಊರುಗಳನ್ನು ಸೇರಿದವು. ಬರುವಾಗ ಟೈರು, ಸೀಟಿನ ಕವರು ಹೊಸದಾಗಿದ್ದವು. ಸರ್ವಿಸ್ ಪುಸ್ತಕ ಎಲ್ಲೋ ದಾರಿಯಲ್ಲಿ ಕಳೆದುಹೋಗಿತ್ತು.

ಬೆಲ್ಟಿನ ಈ ಮೌನ ತಯಾರಕರಿಗೆ ಗೊತ್ತಿಲ್ಲದ್ದಲ್ಲ. ಟೊಯೊಟಾದ ಹಲವು ಡೀಸೆಲ್ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ಎಂಬ ದೀಪವೇ ಇದೆ. ನಿಗದಿತ ಕಿಲೋಮೀಟರ್ ಆದಾಗ ಅದು ಹೊತ್ತಿಕೊಳ್ಳುತ್ತದೆ. ಆದರೆ ಆ ದೀಪ ಬೆಲ್ಟನ್ನು ನೋಡಿ ಹೊತ್ತುವುದಿಲ್ಲ, ಓಡಿದ ದೂರವನ್ನಷ್ಟೇ ಎಣಿಸುತ್ತದೆ. ರಬ್ಬರ್ ನಿಂತಲ್ಲೂ ಮುದಿಯಾಗುತ್ತದೆ. ಸೀಲ್ ಸೋರಿ ಎಣ್ಣೆ ತಾಗಿದರೆ ಇನ್ನೂ ಬೇಗ. ಆದ್ದರಿಂದಲೇ ಬೆಲ್ಟಿಗೆ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂಬ ಎರಡು ಲೆಕ್ಕ ಕೊಡುವುದುಂಟು. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡುವ ಹಳ್ಳಿಯ ಗಾಡಿಗೆ ಮುಖ್ಯವಾದದ್ದು ಎರಡನೆಯದು. ನಾವು ಮರೆಯುವುದೂ ಅದನ್ನೇ. ನಮ್ಮ ಗಾಡಿಗಂತೂ ಯಾವ ದೀಪವೂ ಇರಲಿಲ್ಲ.

ಆರ್‌ಸಿ ತೆಗೆದು ನೋಡಿದೆ. ಇಂಜಿನ್ ನಂಬರ್, ಚಾಸಿ ನಂಬರ್, ತಯಾರಾದ ತಿಂಗಳು, ಬಣ್ಣ ಎಲ್ಲ ಇತ್ತು. ಸರ್ಕಾರಕ್ಕೆ ಬೇಕಾದ ಇತಿಹಾಸ ಅದು: ಗಾಡಿ ಯಾರದ್ದು. ಗಾಡಿಗೆ ಏನಾಯಿತು ಎಂಬ ಇತಿಹಾಸ ಮಾಲೀಕರ ನೆನಪಿನಲ್ಲಿತ್ತು, ಮಾರುವಾಗ ನೆನಪನ್ನು ಯಾರೂ ಜೊತೆಗೆ ಕೊಡುವುದಿಲ್ಲ. ಅರಮನೆಯ ಕಡತ ಉಳಿದು ಒಕ್ಕಲಿನ ಲೆಕ್ಕ ಅಳಿಯುವುದನ್ನು ಪ್ರಬಂಧದಲ್ಲಿ ಪುಟಗಟ್ಟಲೆ ಬರೆದಿದ್ದೆ.

ಹೆಡ್ ಬಿಚ್ಚಿ, ವಾಲ್ವ್ ಬದಲಿಸಿ, ಬೆಲ್ಟಿನ ಜೊತೆ ಟೆನ್ಷನರನ್ನೂ ಹೊಸದು ಹಾಕಿಸಿದ್ದಾಯಿತು. ಆ ವರ್ಷದ ಮೆಣಸಿನ ದುಡ್ಡು ಅಲ್ಲಿಗೆ ಮುಗಿಯಿತು. ಮುಂಚೆಯೇ ಬೆಲ್ಟ್ ಬದಲಿಸಿದ್ದರೆ ಅದರಲ್ಲಿ ಒಂದು ಮೂಟೆಯದ್ದು ಸಾಕಾಗುತ್ತಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಅಜ್ಜಿಗೆ ಮುಂದಿನ ತಿಂಗಳು ಆಪರೇಷನ್ ಆಯಿತು, ಚೆನ್ನಾಗಿ ಕಾಣುತ್ತದೆ.

ಗ್ಯಾರೇಜಿನವರು ತಾರೀಖು, ಕಿಲೋಮೀಟರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಕಳೆದ ವರ್ಷ ಗಾಡಿ ಮಾರಿದೆವು. ಕೊಳ್ಳಲು ಬಂದವರು ಟೈರ್ ಒದ್ದು ನೋಡಿದರು, ಮೈಲೇಜ್ ಕೇಳಿದರು, ಹಾರನ್ ಹೊಡೆದರು. ಬೆಲ್ಟಿನ ಮಾತೇ ಬರಲಿಲ್ಲ. ಅಪ್ಪ ಆ ಚೀಟಿಯನ್ನು ಆರ್‌ಸಿಯ ಪ್ಲಾಸ್ಟಿಕ್ ಕವರಿನೊಳಗೆ, ಅಕ್ಷರ ಮೇಲೆ ಕಾಣುವಂತೆ ಇಟ್ಟು ಅವರ ಕೈಗೆ ಕೊಟ್ಟರು.