ಚೈನ್ ಸಾ ಬೇರಿಂಗ್ ಮನೆಯ ದುರಸ್ತಿ

ಚೈನ್ ಸಾ, ಅಂದರೆ ಮರ ಕೊಯ್ಯುವ ಯಂತ್ರದ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು ಎರಡು ಬೇರಿಂಗುಗಳ ಮೇಲೆ ತಿರುಗುತ್ತದೆ. ಈ ಬೇರಿಂಗುಗಳು ಬಿಗಿಯಾಗಿ ಕೂರುವ, ಕ್ರ್ಯಾಂಕ್‌ಕೇಸಿನ ದುಂಡನೆಯ ಕುಳಿಗೆ ಬೇರಿಂಗ್ ಮನೆ ಎಂದು ಹೆಸರು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಪಾವಗಡ ಹಾಗೂ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯಂತಹ ಕಡೆ ಹುಣಸೆ, ಜಾಲಿ, ತೆಂಗಿನ ಮರಗಳನ್ನು ಕೊಯ್ಯಲು ಈ ಯಂತ್ರ ಬಳಕೆಯಲ್ಲಿದೆ. ಹುಣಸೆಯ ಚೇಗು ಬಹಳ ಗಟ್ಟಿ. ಮಣ್ಣು ತಾಗಿ ಮೊಂಡಾದ ಸರಪಳಿಯಿಂದ ಅದನ್ನು ಕೊಯ್ದರೆ ಎಂಜಿನ್ ಮಿತಿಮೀರಿ ಕಾಯುತ್ತದೆ.

ಸವೆತದ ಕಾರಣ

ಕ್ರ್ಯಾಂಕ್‌ಕೇಸನ್ನು ಸಾಮಾನ್ಯವಾಗಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದಿಂದ ಎರಕ ಹೊಯ್ಯಲಾಗುತ್ತದೆ. ಬೇರಿಂಗ್ ಉಕ್ಕಿನದು. ಕಾದಾಗ ಮೆಗ್ನೀಸಿಯಂ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. 35 ಮಿ.ಮೀ. ವ್ಯಾಸದ ಬೇರಿಂಗಿನಲ್ಲಿ ಶಾಖವು 100 ಡಿಗ್ರಿ ಸೆಲ್ಸಿಯಸ್ ಏರಿದರೆ ಬಿಗಿತ ಸುಮಾರು 0.05 ಮಿ.ಮೀ. ಕಡಿಮೆಯಾಗುತ್ತದೆ. ಹೊರ ಉಂಗುರ ಒಮ್ಮೆ ಸಡಿಲಗೊಂಡು ಮನೆಯೊಳಗೆ ತಿರುಗಲಾರಂಭಿಸಿದರೆ ಮೃದುವಾದ ಲೋಹವನ್ನು ತೇಯುತ್ತ ಹೋಗುತ್ತದೆ.

ಇಲ್ಲಿನ ಅಪಾಯ ಕೇವಲ ಸದ್ದಿನದಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು, ಆಯಿಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ದಂಡ ಅಲುಗಿದರೆ ಆಯಿಲ್ ಸೀಲಿನ ಅಂಚು ಸವೆದು ಹೊರಗಿನ ಗಾಳಿ ಒಳನುಗ್ಗುತ್ತದೆ. ಮಿಶ್ರಣ ತೆಳುವಾಗಿ, ಆಯಿಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೇರಿಂಗ್ ಮಾತ್ರ ಬದಲಿಸಿದರೆ ಈ ದೋಷ ನಿಲ್ಲುವುದಿಲ್ಲ.

ದುರಸ್ತಿಯ ವಿಧಾನಗಳು

ಕುಳಿಯ ಅಂಚಿಗೆ ಸುತ್ತಲೂ ಪಂಚ್ ಹೊಡೆದು ಲೋಹವನ್ನು ಉಬ್ಬಿಸುವುದು ಅಗ್ಗದ ಉಪಾಯ. ಬೇರಿಂಗ್ ಆಗ ಬಿಗಿಯಾದಂತೆ ತೋರಿದರೂ ಕೆಲವೇ ಉಬ್ಬುಗಳ ಮೇಲೆ ನಿಂತಿರುತ್ತದೆ, ನಡುವೆಯೂ ಇರುವುದಿಲ್ಲ. ಇದನ್ನು ದುರಸ್ತಿಯೆನ್ನುವುದು ಕಷ್ಟ. ಸವೆತ 0.1 ಮಿ.ಮೀ. ಒಳಗಿದ್ದರೆ, ಗಾಳಿಯ ಸಂಪರ್ಕ ತಪ್ಪಿದಾಗ ಗಟ್ಟಿಯಾಗುವ ಬೇರಿಂಗ್ ಅಂಟು ಉಪಯುಕ್ತ. ಆಯಿಲ್ ಜಿಡ್ಡನ್ನು ಪೂರ್ತಿ ತೆಗೆದಿರಬೇಕು; ಅಂಟು ಗುಂಡುಗಳ ನಡುವೆ ಇಳಿಯಬಾರದು.

ಹೆಚ್ಚು ಸವೆದಿದ್ದರೆ ಬುಶ್ ಹಾಕಬೇಕಾಗುತ್ತದೆ. ಕೇಸಿನ ಎರಡು ಅರ್ಧಗಳನ್ನೂ ಪಿನ್ನುಗಳೊಡನೆ ಬೋಲ್ಟು ಹಾಕಿ ಜೋಡಿಸಿ, ಸವೆಯದ ಬದಿಯ ಕುಳಿಯನ್ನು ಆಧಾರವಾಗಿಟ್ಟು ನಡುವನ್ನು ಹಿಡಿಯಲಾಗುತ್ತದೆ. ಸವೆದ ಕುಳಿಯನ್ನೇ ಆಧಾರವಾಗಿ ಹಿಡಿದರೆ ದಂಡ ಓರೆಯಾಗುತ್ತದೆ. ಕುಳಿಯನ್ನು ದೊಡ್ಡದಾಗಿ ಕೊರೆದು ಅಲ್ಯೂಮಿನಿಯಂ ಬುಶ್ ಬಿಗಿದು, ಅನಂತರ ಒಳಗಿನ ಅಳತೆಗೆ ಕೊರೆಯುವುದು ಕ್ರಮ. ಉಕ್ಕಿನ ಬುಶ್ ಕೇಸಿನಷ್ಟು ಹಿಗ್ಗದ ಕಾರಣ ಕಾದಾಗ ಅದೇ ಸಡಿಲವಾಗಬಹುದು. ಎರಡೂ ಬದಿಗೆ ಒಂದೇ ಬೇರಿಂಗ್ ಇರುವ ಯಂತ್ರಗಳಲ್ಲಿ ಸವೆಯದ ಬದಿಯ ಅಳತೆಯೇ ಮಾದರಿ.

ಮೆಗ್ನೀಸಿಯಂ ಚೂರುಗಳಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಉರಿಯುವ ಚೂರಿಗೆ ನೀರು ಹಾಕಿದರೆ ಜಲಜನಕ ಹುಟ್ಟಿ ಜ್ವಾಲೆ ಸಿಡಿಯುವುದರಿಂದ ಲೇತಿನ ಬಳಿ ಚೆನ್ನಾಗಿ ಒಣಗಿದ ಮರಳನ್ನು ಇಟ್ಟುಕೊಳ್ಳಬೇಕು.

ಜೋಡಣೆ

ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದಿಲ್ಲ. ಖಾಲಿ ಕೇಸನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಕುಳಿ ಸುಮಾರು 0.1 ಮಿ.ಮೀ. ಹಿಗ್ಗುತ್ತದೆ, ತಣ್ಣನೆಯ ಬೇರಿಂಗ್ ತಾನಾಗಿಯೇ ಇಳಿಯುತ್ತದೆ. ಅಂಟು ಬಳಸಿದ ಮನೆಗೆ ಈ ಶಾಖ ಕೊಡಬಾರದು. ಹೊಸ ಸೀಲುಗಳನ್ನು ಹಾಕಿದ ಮೇಲೆ ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ದ್ವಾರಗಳನ್ನು ಮುಚ್ಚಿ, ಸುಮಾರು 0.5 ಬಾರ್ ಒತ್ತಡದಲ್ಲಿಯೂ ನಿರ್ವಾತದಲ್ಲಿಯೂ ಸೋರಿಕೆಯನ್ನು ಪರೀಕ್ಷಿಸಲಾಗುತ್ತದೆ. ಕುಳಿಯ ಗೋಡೆ ಬಿರಿದಿದ್ದರೆ ಅಥವಾ ಬುಶ್ ಹಿಡಿಯಲಾರದಷ್ಟು ತೆಳುವಾಗಿದ್ದರೆ ಕ್ರ್ಯಾಂಕ್‌ಕೇಸನ್ನೇ ಬದಲಿಸಬೇಕಾಗುತ್ತದೆ.